ಸುಳ್ಳು ಹೇಳುವ ಡಬ್ಬಿ

ನಾನು ರಕ್ತದೊತ್ತಡ ಅಳೆಯುವ ಪಾದರಸದ ಯಂತ್ರ. ಕಾರ್ಖಾನೆಯಲ್ಲಿ ನನ್ನ ಗಾಜಿನ ಕೊಳವೆಗೆ ಪಾದರಸ ತುಂಬಿ, ತೋಳಿಗೆ ಸುತ್ತುವ ಪಟ್ಟಿ ಜೋಡಿಸಿ, ತಗಡಿನ ಡಬ್ಬಿಯಲ್ಲಿ ಕೂರಿಸಿದರು. ಅಲ್ಲಿಂದ ಲಕ್ಷ್ಮೇಶ್ವರದ ಡಾಕ್ಟರ್ ಸುಮಂಗಲಾ ಅವರ ಮೇಜಿಗೆ ಬಂದೆ.

ನನ್ನನ್ನು ನಂಬದವರೇ ಹೆಚ್ಚು. ನನಗೂ ಮನುಷ್ಯರ ಮೇಲೆ ಅನುಮಾನವೇ. ಗುಳಿಗೆ ತಪ್ಪಿಸಿಲ್ಲ ಎಂದು ಬಾಯಿ ಹೇಳಿದರೆ ತೋಳು ಬೇರೆಯೇ ಹೇಳುತ್ತದೆ.

ಶಹನಾಯಿ ನುಡಿಸುವ ಫಕೀರಪ್ಪನಿಗೆ ಲಕ್ವಾ ಹೊಡೆದು ಬಾಯಿ ಸೊಟ್ಟಗಾಗಿತ್ತು. ತುಟಿ ಸರಿಹೋದ ಮೇಲೆ ಮತ್ತೆ ಮದುವೆಗಳಿಗೆ ಹೋಗತೊಡಗಿದ, ಗುಳಿಗೆ ಬಿಟ್ಟ. ಹೆಂಡತಿ ನೀಲವ್ವ ಅವನನ್ನು ಎಳೆದುಕೊಂಡು ಬಂದಳು. ಪಟ್ಟಿ ಬಿಗಿದಾಗ ಪಾದರಸ ಬಹಳ ಮೇಲೆ ನಿಂತಿತು.

“ಗುಳಿಗಿ ಯಾಕ ಬಿಟ್ರಿ? ಜೀವದ ಮ್ಯಾಲ ಆಸೆ ಇಲ್ಲೇನು? ಇನ್ನೊಮ್ಮೆ ಲಕ್ವಾ ಹೊಡದ್ರ ಏಳೂದು ಕಷ್ಟ!” ಎಂದು ಡಾಕ್ಟರು ಗದರಿದರು.

“ನಾ ಆರಾಮ ಅದೀನ್ರಿ. ಈ ಡಬ್ಬಿ ಸುಳ್ಳು ಹೇಳತೈತಿ. ಮೊದಲ ನಿಮ್ಮ ತೋಳಿಗೆ ಕಟ್ಟರಿ, ನೋಡೂಣು.”

ನೀಲವ್ವ ನಾಚಿ ಸೆರಗು ಬಾಯಿಗಿಟ್ಟಳು. ಡಾಕ್ಟರು ನಗುತ್ತಲೇ ಪಟ್ಟಿ ಸುತ್ತಿಕೊಂಡರು. ಪಾದರಸ ನಿಂತ ಜಾಗ ಕಂಡು ಅವರ ನಗು ಹೋಯಿತು. ಇನ್ನೊಮ್ಮೆ ಗಾಳಿ ಒತ್ತಿದರು. ಆಮೇಲೆ ನನ್ನನ್ನು ಬೆರಳಿನಿಂದ ತಟ್ಟಿದರು.

“ಎಷ್ಟೈತ್ರಿ?” ಫಕೀರಪ್ಪ ಬಗ್ಗಿ ನೋಡಿದ.

“ಜಾಸ್ತಿ ತೋರಸಾಕತ್ತೈತಿ. ಇದೇ ಕೆಟ್ಟಿರಬೇಕು.”

“ಹಂಗಾರ ನಂದೂ ಸುಳ್ಳ ಬಿಡ್ರಿ!” ಫಕೀರಪ್ಪ ಗೆದ್ದವನಂತೆ ಎದ್ದು ಹೋದ.

ಮರುದಿನ ಡಾಕ್ಟರು ಬೇರೊಂದು ಯಂತ್ರ ತರಿಸಿ ನೋಡಿಕೊಂಡರು. ಅದೂ ನನ್ನ ಮಾತನ್ನೇ ಹೇಳಿತು. ಅವರು ಫಕೀರಪ್ಪನನ್ನು ಕರೆಸಿದರು. ಈ ಸಲ ಗದರಲಿಲ್ಲ.

“ಡಬ್ಬಿ ಖರೇ ಹೇಳೇತ್ರಿ. ಆರಾಮ ಅದೀನಿ ಅಂತ ನಾನೂ ಸುಮ್ನಿದ್ದೆ. ಇನ್ನ ನಾನೂ ಔಷಧ ತಗೋಬೇಕು. ನೀವು ಯಾಕ ಬಿಟ್ರಿ, ಹೇಳ್ರಿ.”

ಫಕೀರಪ್ಪ ಕುರ್ಚಿಯನ್ನು ಹತ್ತಿರ ಎಳೆದುಕೊಂಡ. “ಗುಳಿಗಿ ತಗೊಂಡ್ರ ಎದ್ದು ನಿಂತಾಗ ತಲಿ ತಿರಗತೈತ್ರಿ. ಮೆರವಣಿಗ್ಯಾಗ ಬಿದ್ದರ ನನ್ನ ಯಾರು ಕರೀತಾರ?”

“ಮೊದಲ ಯಾಕ ಹೇಳಲಿಲ್ಲ?”

“ನೀವು ಬೈದ್ರಿ. ಕೇಳಲಿಲ್ಲ.”

ಡಾಕ್ಟರು ಚೀಟಿಯಲ್ಲಿ ಗುಳಿಗೆ ಬದಲಿಸಿದರು. “ಇದರಾಗೂ ತಲಿ ತಿರುಗಿದ್ರ ನೀವ ಬಿಡಬ್ಯಾಡ್ರಿ. ಬಂದು ಹೇಳ್ರಿ.”

ಅವನು ಬಂದ, ಹೇಳಿದ, ಜಗಳವಾಡಿದ. ಲಕ್ವಾ ಮಾತ್ರ ಮತ್ತೆ ಬರಲಿಲ್ಲ.

ಈಗ ಬ್ಯಾಟರಿ ಯಂತ್ರ ಬಂದಿದೆ. ನಾನು ರೋಗಿಗಳು ಕಾಯುವ ಕೋಣೆಯ ಕಪಾಟಿನಲ್ಲಿದ್ದೇನೆ. ಮೊನ್ನೆ ಲಕ್ವಾ ಹೊಡೆದು ಒಂದು ಕೈ ಬಿದ್ದುಹೋದ ಒಬ್ಬಾತ ಗುಳಿಗೆಯ ಚೀಟಿಯನ್ನು ಮುದುರಿ ಹಿಡಿದು, “ಈ ಡಾಕ್ಟರನ್ನ ಹೆಂಗ ನಂಬೂದು?” ಎಂದು ಗೊಣಗಿದ. ತಲೆ ನೆರೆತ ಫಕೀರಪ್ಪ ಅವನ ಪಕ್ಕಕ್ಕೆ ಸರಿದ.

“ನಂಬಬ್ಯಾಡಪಾ. ಒಳಗ ಹೋಗಿ ಕೇಳು. ಜಗಳಾನೂ ಮಾಡು. ಮನ್ಯಾಗ ಕುಂತು ಗುಳಿಗಿ ಬಿಡಬ್ಯಾಡ, ಅಷ್ಟ.”

ಆತ ಚೀಟಿಯನ್ನು ಮೊಣಕಾಲ ಮೇಲಿಟ್ಟು, ಒಂದೇ ಕೈಯಿಂದ ಸುಕ್ಕು ಬಿಡಿಸತೊಡಗಿದ.