ಹೇಳಿದ್ದು, ನಡೆದದ್ದು

ಚಿಕ್ಕಪ್ಪ ತೀರಿಹೋದ ತನ್ನ ಅಣ್ಣನ ಎರಡೂ ಮೊಣಕಾಲಿನ ಮೇಲೆ ಅಂಗೈಯಿಟ್ಟು ಮೈಭಾರವನ್ನೆಲ್ಲ ಬಿಟ್ಟು ಒತ್ತಿದ. ಕಾಲು ಕೆಳಗಿಳಿಯುವ ಬದಲು ಆ ಕಡೆಯಿಂದ ತಲೆ ಮೇಲೆದ್ದಿತು. ಸತ್ತವನು ಎದ್ದು ಕೂರಲು ಹೊರಟಂತೆ ಕಂಡು ಪಕ್ಕದ ಮನೆಯಾಕೆ “ಅಯ್ಯೋ ದೇವರೇ!” ಎಂದು ಬಾಗಿಲಿಗೆ ಸರಿದಳು.

“ಬಿಡು ಚಿಕ್ಕಪ್ಪಾ,” ಎಂದಳು ಸತ್ತವನ ಮಗಳು.

“ಇದು ಸಾವಿನ ಸೆಡೆತ ಅಲ್ಲಮ್ಮ. ಆಗಿದ್ರೆ ಉಜ್ಜಿ ಉಜ್ಜಿ ಸಡಿಲ ಮಾಡ್ಬಹುದಿತ್ತು. ಮೂರು ವರ್ಷ ಕುರ್ಚೀಲೇ ಕೂತು ಕೂತು ನರ ಎಲ್ಲ ಬಿಗಿದುಹೋಗಿವೆ.”

ಬಿಸಿನೀರು ಸುರಿಯಿರಿ ಎಂದರು ಒಬ್ಬರು, ಎಣ್ಣೆ ಹಚ್ಚಿ ಎಂದರು ಇನ್ನೊಬ್ಬರು. ಸಾವಿನ ಮನೆಯಲ್ಲಿ ಬಿಟ್ಟಿ ಸಲಹೆಗೇನು ಬರ! ಶವದ ಪೆಟ್ಟಿಗೆ ಮಂಚದ ಪಕ್ಕದಲ್ಲಿ ಬಾಯ್ತೆರೆದು ಬಿದ್ದಿತ್ತು. ಆರಡಿ ಉದ್ದ, ಭುಜ ಹಿಡಿಯುವಷ್ಟು ಅಗಲ. ನಲವತ್ತು ವರ್ಷ ಊರಿನ ಹೆಣಗಳಿಗೆಲ್ಲ ಪೆಟ್ಟಿಗೆ ಹೊಡೆದವನಿಗೆ ಇವತ್ತು ತಮ್ಮ ತಂದ ಪೆಟ್ಟಿಗೆ ಒಗ್ಗುತ್ತಿರಲಿಲ್ಲ. ವಾರದಲ್ಲಿ ಆರು ದಿನ ಆ ಕೆಲಸ, ಭಾನುವಾರ ಚರ್ಚಿನ ಮಕ್ಕಳಿಗೆ ಪಾಠ. ಹಾಗಾಗಿ ಅವನು ಎಲ್ಲರ ಬಾಯಲ್ಲೂ ಪೆಟ್ಟಿಗೆ ಮೇಷ್ಟ್ರು.

“ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ,” ಹೊಸ್ತಿಲಲ್ಲಿ ನಿಂತ ಬಸ್ ಡ್ರೈವರ್ ಮೆಲ್ಲಗೆ ಅಂದ. ಅವನು ಮೇಷ್ಟ್ರ ಹಳೆಯ ಶಿಷ್ಯ. “ಇಲ್ಲಿ ಹಾಸಿಗೆ ಇದೆ, ಕಾಲೇ ಒಪ್ತಿಲ್ಲ.” ಯಾರೂ ನಗಲಿಲ್ಲ. ಅವನ ಕಣ್ಣೂ ಒದ್ದೆಯಾಗಿತ್ತು.

ಚಿಕ್ಕಪ್ಪ ಬೆವರು ಒರೆಸಿಕೊಂಡು ತನ್ನ ಚೀಲ ಬಿಚ್ಚಿದ. “ನೀವೆಲ್ಲ ಸ್ವಲ್ಪ ಹೊರಗಿರಿ. ಐದು ನಿಮಿಷದ ಕೆಲಸ.”

ಉಳಿ ಬಡಿಯುವ ಮರದ ಕೊಡತಿ ಅವನ ಕೈಗೆ ಬಂದದ್ದನ್ನು ಮಗಳು ನೋಡಿದಳು. “ಅದು ಯಾಕೆ?”

“ಕಾಲು ನೆಟ್ಟಗೆ ಮಾಡ್ಬೇಕಲ್ಲಮ್ಮ.”

“ಮುರಿದಾ?”

“ಎಲ್ಲ ಪೆಟ್ಟಿಗೆಯವ್ರೂ ಮಾಡೋದೇ ಇದು. ಸತ್ತವರಿಗೆ ನೋವಾಗುತ್ತಾ?”

“ಅಪ್ಪ ಒಬ್ಬರಿಗೂ ಹಾಗೆ ಮಾಡಿದವನಲ್ಲ.”

ಚಿಕ್ಕಪ್ಪ ಕೊಡತಿಯನ್ನು ಮೆಲ್ಲಗೆ ಚೀಲದ ಮೇಲಿಟ್ಟ.

“ನಾನು ಮಾತು ಕೊಟ್ಟಿದೀನಿ,” ಎಂದಳು ಅವಳು. “ಹೋದ ತಿಂಗಳು ನನ್ನ ಕೈ ಹಿಡ್ಕೊಂಡು ಅತ್ತ. ‘ನನ್ನ ಕಾಲು ಮುರಿಯೋಕೆ ಯಾರಿಗೂ ಬಿಡಬೇಡ ಮಗಳೇ’ ಅಂದ. ಮೂರು ವರ್ಷದಲ್ಲಿ ಒಂದು ಲೋಟ ನೀರನ್ನೂ ಬಾಯಿಬಿಟ್ಟು ಕೇಳಿದವನಲ್ಲ. ಕೇಳಿದ್ದು ಇದೊಂದೇ. ನಾನು ಬಿಡಲ್ಲ.”

*

ಅವಳು ಚಿಕ್ಕವಳಿದ್ದಾಗ, ಭಾನುವಾರ ಚರ್ಚಿನ ಹಿಂದಿನ ಕೋಣೆಯಲ್ಲಿ ಅಪ್ಪ ಬೋರ್ಡಿನ ನಡುವೆ ಮೇಲಿಂದ ಕೆಳಗೆ ಒಂದು ಗೆರೆ ಎಳೆಯುತ್ತಿದ್ದ. ಬಡಗಿಯ ಗೆರೆ, ಸ್ಕೇಲು ಬೇಕಿರಲಿಲ್ಲ. ಎಡಕ್ಕೆ ‘ಹೇಳಿದ್ದು’, ಬಲಕ್ಕೆ ‘ನಡೆದದ್ದು’. ಪ್ರವಾದಿಗಳು ನೂರಾರು ವರ್ಷ ಮೊದಲೇ ಹೇಳಿಟ್ಟದ್ದು ಒಂದು ಕಡೆ, ಅದು ಯೇಸುವಿನಲ್ಲಿ ನೆರವೇರಿದ್ದು ಇನ್ನೊಂದು ಕಡೆ. ಸಣ್ಣ ಊರಲ್ಲಿ ಹುಟ್ಟುತ್ತಾನೆ, ಹುಟ್ಟಿದ. ಕತ್ತೆಮರಿಯ ಮೇಲೆ ಬರುತ್ತಾನೆ; ಬಂದ. ಅವನ ಬಟ್ಟೆಗೆ ಚೀಟಿ ಹಾಕುತ್ತಾರೆ, ಹಾಕಿದರು. ಮಕ್ಕಳು ಮಗ್ಗಿ ಒಪ್ಪಿಸಿದ ಹಾಗೆ ಒಪ್ಪಿಸುತ್ತಿದ್ದರು.

ಕೊನೆಯದಕ್ಕೆ ಬಂದಾಗ ಅಪ್ಪನ ದನಿ ತಗ್ಗುತ್ತಿತ್ತು. ಬರಲಿರುವವನ ಒಂದು ಎಲುಬೂ ಮುರಿಯುವುದಿಲ್ಲ ಎಂದು ಪ್ರವಾದನೆಯಲ್ಲಿ ಹೇಳಿತ್ತು. ಶಿಲುಬೆಯ ಮೇಲಿದ್ದವರು ಬೇಗ ಸಾಯಲೆಂದು ಸೈನಿಕರು ಕಾಲು ಮುರಿಯುತ್ತಾ ಬಂದರು. ಯೇಸು ಆಗಲೇ ಸತ್ತಿದ್ದ. ಅವನ ಕಾಲು ಮುಟ್ಟಲಿಲ್ಲ.

“ಆ ಕಡೆ ಈ ಕಡೆ ಶಿಲುಬೆ ಮೇಲಿದ್ದ ಇಬ್ಬರು ಕಳ್ಳರದು?” ಮುಂದಿನ ಬೆಂಚಿನಿಂದ ಮಗಳು ಕೇಳಿದ್ದಳು. ಅವಳಿಗಾಗ ಎಂಟು ವರ್ಷ.

“ಅವರದು ಮುರಿದರು.”

“ಅದನ್ನ ಎಲ್ಲಿ ಹೇಳಿತ್ತು?”

ಅಪ್ಪ ಎಡಗಡೆಯ ಸಾಲನ್ನು ಮೇಲಿಂದ ಕೆಳಗೆ ಬೆರಳಿಟ್ಟು ನೋಡಿದ. “ಹೇಳಿರಲಿಲ್ಲ,” ಎಂದು ಬೋರ್ಡು ಒರೆಸಿದ.

ಮರುವರ್ಷ ಅಮ್ಮ ಸತ್ತಳು. ಲಕ್ವ ಹೊಡೆದು ನಾಲ್ಕು ವರ್ಷ ಮಲಗಿದ್ದವಳ ಮೊಣಕಾಲು ಮಡಚಿಕೊಂಡು ಹೊದಿಕೆಯನ್ನು ಗುಡಾರದಂತೆ ಎತ್ತಿ ಹಿಡಿದಿತ್ತು. ಅಪ್ಪನೇ ಪೆಟ್ಟಿಗೆ ಮಾಡಿದ. ಚಿಕ್ಕಪ್ಪನೊಬ್ಬನನ್ನು ಒಳಗಿಟ್ಟುಕೊಂಡು ಉಳಿದವರನ್ನೆಲ್ಲ ಹೊರಗೆ ಕಳಿಸಿದ. “ಗಂಟಲು ಹರಿಯೋ ಹಾಗೆ ಹಾಡು ಮಗಳೇ, ಅಮ್ಮನಿಗೆ ಕೇಳಿಸಲಿ,” ಎಂದು ಬಾಗಿಲು ಹಾಕಿಕೊಂಡ. ಅವಳು ಹಾಡಿದಳು. ಬಾಗಿಲು ತೆರೆದಾಗ ಅಮ್ಮ ನೆಟ್ಟಗೆ ಮಲಗಿದ್ದಳು. ದೇವರು ಅಮ್ಮನ ಕಾಲು ಸರಿಮಾಡಿದ ಎಂದು ಅವಳು ಓಣಿಯ ಮನೆಮನೆಗೂ ಹೇಳಿಕೊಂಡು ಬಂದಳು. ಅಪ್ಪ ತಡೆಯಲಿಲ್ಲ. ದೊಡ್ಡವಳಾದ ಮೇಲೂ ಅವಳು ಅದನ್ನು ಕೆದಕಲು ಹೋಗಿರಲಿಲ್ಲ.

*

ಚಿಕ್ಕಪ್ಪ ತಾನು ತಂದ ಪೆಟ್ಟಿಗೆಯ ಒಂದು ಬದಿ ಕಿತ್ತು, ಹಲಗೆ ಸೇರಿಸಿ, ಮಧ್ಯಾಹ್ನದೊಳಗೆ ಅಗಲ ಮಾಡಿಕೊಟ್ಟ. “ಇದು ಪೆಟ್ಟಿಗೆ ಅಲ್ಲ, ಬೀರು,” ಎಂದು ಗೊಣಗುತ್ತಲೇ ಮೊಳೆ ಹೊಡೆದ. ಮೇಷ್ಟ್ರನ್ನು ಮಗ್ಗುಲಾಗಿ, ನಿದ್ದೆ ಹೋದ ಮಗುವಿನಂತೆ ಮಲಗಿಸಿದರು. ಮಗಳು ಆ ಮೊಣಕಾಲನ್ನು ಸವರಿ ಒಂದು ಉಸಿರು ಬಿಟ್ಟಳು. ಕೊಟ್ಟ ಮಾತು ಉಳಿಯಿತಲ್ಲ ಎಂಬ ಸಮಾಧಾನ ಅವಳ ಮುಖದಲ್ಲಿ ಕಾಣುತ್ತಿತ್ತು.

ಸ್ಮಶಾನದಲ್ಲಿ ಗುಂಡಿ ತೋಡುವವನು ಹಣೆ ಚಚ್ಚಿಕೊಂಡ. “ಮೊದಲೇ ಒಂದು ಮಾತು ಹೇಳೋದಲ್ವಾ? ಇದು ಇಳಿಯೋದಾದ್ರೂ ಹೇಗೆ?”

ಗುಂಡಿಯ ಎಡಕ್ಕೆ ಯಾರದೋ ಸಿಮೆಂಟಿನ ಸಮಾಧಿ. ಬಲಕ್ಕೆ ಅಮ್ಮ.

“ಅಮ್ಮನ ಕಡೆ ಒಂದು ಮೊಳ ತೆಗಿ,” ಎಂದಳು ಮಗಳು.

“ಆ ಕಡೆ ಬೇಡ!” ಚಿಕ್ಕಪ್ಪನ ಕೂಗಿಗೆ ಪಾದ್ರಿ ಪುಸ್ತಕದಿಂದ ತಲೆಯೆತ್ತಿದರು. “ಗೋಡೆ ಹತ್ರ ಜಾಗ ಇದೆ, ಅಲ್ಲಿ ಬೇರೆ ತೋಡಿಸ್ತೀನಿ.”

“ಅಮ್ಮನ ಪಕ್ಕ ಅಂತಲೇ ಇಷ್ಟು ವರ್ಷ ಈ ಜಾಗ ಇಟ್ಕೊಂಡಿದ್ದ.”

“ನನ್ನ ಮಾತು ಕೇಳಮ್ಮ. ನಿನ್ನ ಕಾಲಿಗೆ ಬೀಳ್ತೀನಿ.”

“ಬೆಳಿಗ್ಗೆ ನಿನ್ನ ಮಾತು ಕೇಳಿದ್ದಿದ್ರೆ ಅಪ್ಪನ ಕಾಲು ಪುಡಿ ಆಗಿರ್ತಿತ್ತು,” ಎಂದು ಅವಳು ಗುಂಡಿಯವನತ್ತ ತಿರುಗಿದಳು. “ನೀನು ತೆಗಿ.”

ಗುದ್ದಲಿ ಏಳೆಂಟು ಸಲ ಬಿತ್ತು. ಪಕ್ಕದ ಮಣ್ಣು ತಾನೇ ಕುಸಿದು ಗುಂಡಿಯೊಳಗೆ ಬಂತು. ಅಮ್ಮನ ಪೆಟ್ಟಿಗೆ ಎಂದೋ ಮಣ್ಣಾಗಿತ್ತು. ಎಲುಬು ಮಾತ್ರ ಉಳಿದಿದ್ದವು. ಗುಂಡಿಯವನು ಗುದ್ದಲಿ ಕೆಳಗಿಟ್ಟು ತಲೆಗೆ ಸುತ್ತಿದ್ದ ಬಟ್ಟೆ ತೆಗೆದ. ಯಾರು ಎಷ್ಟು ತಡೆದರೂ ಕೇಳದೆ ಮಗಳು ಕೆಳಗಿಳಿದಳು.

ಎರಡು ತೊಡೆಯ ಎಲುಬೂ ತುಂಡಾಗಿದ್ದವು. ಎರಡೂ ಮೊಣಕಾಲಿಗಿಂತ ಒಂದು ಗೇಣು ಮೇಲೆ, ಅಳತೆ ಮಾಡಿ ಗುರುತು ಹಾಕಿದ ಹಾಗೆ ಒಂದೇ ಜಾಗದಲ್ಲಿ.

“ನಿನ್ನ ಗುದ್ದಲಿ ತಾಗ್ತಾ?”

“ಇಲ್ಲಮ್ಮ, ಆಣೆಗೂ ಇಲ್ಲ. ಹಳೇದು ಇದು. ಒಳಗೆಲ್ಲ ಮಣ್ಣು ತುಂಬಿದೆ ನೋಡಿ.”

ಅವಳು ತಲೆಯೆತ್ತಿ ಚಿಕ್ಕಪ್ಪನನ್ನು ನೋಡಿದಳು. ಅವನು ಗುಂಡಿಯ ಅಂಚಿನಲ್ಲಿ ಕುಸಿದು ಕೂತಿದ್ದ.

“ನಾನು ಮಾಡ್ತೀನಿ ಅಂದೆ ಕಣಮ್ಮ, ಬಿಡಲಿಲ್ಲ. ಅವಳನ್ನ ಬೇರೆಯವರ ಕೈಗೆ ಕೊಡಲ್ಲ ಅಂದ. ನಾನು ತಲೆ ಹಿಡ್ಕೊಂಡಿದ್ದೆ.” ಅವನು ಮೂಗು ಒರೆಸಿಕೊಂಡ. “ನಿನ್ನ ಹಾಡು ನಿಂತಾಗೆಲ್ಲ ಅವನ ಕೈ ನಿಲ್ತಿತ್ತು. ನೀನು ಮತ್ತೆ ಶುರು ಮಾಡಿದ ಮೇಲೆ ಹೊಡೀತಿದ್ದ.”

“ನಾನು ಹಾಡು ನಿಲ್ಲಿಸಬಹುದಿತ್ತು,” ಎಂದಳು ಅವಳು. ಆಮೇಲೆ ಬಾಯಿಗೆ ಕೈ ಒತ್ತಿಕೊಂಡು ಅತ್ತಳು. ಬೆಳಗಿನಿಂದ ಅತ್ತಿರಲಿಲ್ಲ. ಅಪ್ಪನ ಮೇಲೆ ಸಿಟ್ಟೋ, ಕರುಣೆಯೋ, ತನ್ನ ಮೇಲೆ ಅಸಹ್ಯವೋ, ಎಲ್ಲ ಒಟ್ಟಿಗೇ ನುಗ್ಗಿ ಬಂದಿತ್ತು. ಪಾದ್ರಿ ಪುಸ್ತಕ ಮುಚ್ಚಿದರು.

ಇನ್ನೇನು ಇಳಿಸುವುದೆಂದು ನಾಲ್ವರು ಎತ್ತಿ ಹಿಡಿದಿದ್ದ ಪೆಟ್ಟಿಗೆ ಗುಂಡಿಯ ಅಂಚಿನಲ್ಲಿ ಹಗ್ಗದ ಮೇಲೆ ತೂಗುತ್ತಿತ್ತು. “ಅಕ್ಕಾ,” ಒಂದು ತುದಿ ಹಿಡಿದಿದ್ದ ಡ್ರೈವರ್ ಕೂಗಿದ, “ಭಾರ ತಡಿಯೋಕಾಗ್ತಿಲ್ಲ. ಮೇಲೆ ಬನ್ನಿ. ಮೇಷ್ಟ್ರನ್ನ ಇಳಿಸಬೇಕು.”

ಅವಳಿಗೆ ಕೇಳಿಸಿತೋ ಇಲ್ಲವೋ. ಒಂದು ತೊಡೆಯ ಎರಡು ತುಂಡನ್ನೂ ಎತ್ತಿಕೊಂಡು, ತನ್ನ ಬಟ್ಟೆಗೆ ಒರೆಸಿ, ಮುರಿದ ತುದಿಗೆ ತುದಿ ಸೇರಿಸಿದಳು. ಇಷ್ಟು ವರ್ಷದ ಮೇಲೂ ಅವು ಒಂದಕ್ಕೊಂದು ಕೂಡಿಕೊಂಡವು. ಕೈ ಸಡಿಲಿಸಿದರೆ ಮತ್ತೆ ಎರಡಾಗುತ್ತಿತ್ತು. ಮೇಲೆ ನಾಲ್ವರ ಕೈಯಲ್ಲಿ ಹಗ್ಗ ನಡುಗುತ್ತಿತ್ತು, ಅವಳು ಗುಂಡಿಯಲ್ಲೇ ಕೂತಿದ್ದಳು, ಎರಡೂ ಕೈಯಿಂದ ಅದನ್ನು ಕೂಡಿಸಿ ಹಿಡಿದುಕೊಂಡು.