ಎರಡು ಗೋಡೆಯ ದೋಣಿ

ಊರು ನೀರಿನಲ್ಲಿ ಮುಳುಗಿ ಐವತ್ತು ವರ್ಷ ಕಳೆದರೂ ಸೀಗೆಹುಂಡಿಯ ಜನ ಅದರ ಬೀದಿಗಳನ್ನು ಇನ್ನೂ ಬಿಟ್ಟುಕೊಟ್ಟಿರಲಿಲ್ಲ. ಕಬಿನಿಯ ಹಿನ್ನೀರಿನ ದಡದಲ್ಲಿ ಅವರಿಗೆ ಹೊಸ ಸೀಗೆಹುಂಡಿ ಕಟ್ಟಿಕೊಟ್ಟಿದ್ದರು, ನಿಜ. ಹಂಪಾಪುರದ ಬಸ್ಸು ಅಲ್ಲಿಯವರೆಗೂ ಬರುತ್ತಿತ್ತು. ಆದರೆ ಹರಿಗೋಲು ಹತ್ತಿದ ಕೂಡಲೇ ಅವರ ಬಾಯಲ್ಲಿ ಹಳೇ ಊರೇ ಬರುತ್ತಿತ್ತು. ಚಾವಡಿ ದಾಟಿದ ಮೇಲೆ ಎಡಕ್ಕೆ ತಿರುಗು, ಪಟೇಲರ ಹಟ್ಟಿ ಹತ್ತಿರ ಗಾಳಿ ಜಾಸ್ತಿ, ಹೀಗೆ. ಹೊರಗಿನವನು ಸುತ್ತ ನೋಡಿದರೆ ಚಾವಡಿಯೂ ಇಲ್ಲ, ಹಟ್ಟಿಯೂ ಇಲ್ಲ. ಬರೀ ನೀರು, ಅಲ್ಲಲ್ಲಿ ತಲೆಯೆತ್ತಿದ ಒಣಮರಗಳ ಕರಿ ಮೋಟು.

ಹಾಗೆ ನೀರಿನ ಮೇಲೆ ಓಡಾಡುವಾಗ ಒಂದು ಕಟ್ಟಳೆ ಇತ್ತು. ಮಾರವ್ವನ ಹಳೇ ಗುಡಿಯ ಮೇಲೆ ಯಾರೂ ದೋಣಿ ಹಾಯಿಸುತ್ತಿರಲಿಲ್ಲ. ದೇವಿಯ ಕಲ್ಲನ್ನು ಹೊಸ ಊರಿಗೆ ತಂದು ಇಟ್ಟು ಎಷ್ಟೋ ಕಾಲವಾಗಿತ್ತು, ಕೆಳಗೆ ಉಳಿದದ್ದು ಬರೀ ಗೋಡೆ. ಆದರೂ ಗುಡಿಯನ್ನು ಬಲಕ್ಕೆ ಬಿಟ್ಟುಕೊಂಡು ಸುತ್ತಿಕೊಂಡೇ ಹೋಗಬೇಕು, ನೆಲದ ಮೇಲೆ ನಡೆದುಹೋಗುವಾಗ ಮಾಡುತ್ತಿದ್ದ ಹಾಗೆಯೇ.

ಸುತ್ತು ಹಾಕುವ ಆ ದಾರಿಯಲ್ಲೇ ದೊಡ್ಡ ಹುಣಸೆಮರ ಇದ್ದದ್ದು. ಗುಡಿಗೂ ಮರಕ್ಕೂ ನಡುವೆ ಒಂದು ಎತ್ತಿನಗಾಡಿ ಹೋಗುವಷ್ಟು ಜಾಗ, ಅಷ್ಟೇ. ಮರವನ್ನೂ ಬಳಸಿ ಹೋಗೋಣವೆಂದರೆ ಆಚೆ ಮೋಟುಗಳು ಇನ್ನೂ ಹೆಚ್ಚು. ಬೇಸಿಗೆಯಲ್ಲಿ ನೀರು ಇಳಿದಾಗ ಮರದ ಮೋಟು ಆಳೆತ್ತರ ಕಾಣುತ್ತಿತ್ತು. ಮಳೆಗಾಲ ಮುಗಿದು ಹಿನ್ನೀರು ತುಂಬಿದಾಗ ಅದರ ತುದಿ ನೀರಿನಿಂದ ಒಂದು ಗೇಣು ಕೆಳಗೆ, ಕಣ್ಣಿಗೆ ಬೀಳದಂತೆ ಕಾದಿರುತ್ತಿತ್ತು.

ನಟರಾಜುವಿನ ತಾಯಿಯನ್ನು ಮಣ್ಣು ಮಾಡಿದ್ದು ಆ ಹುಣಸೆಮರದ ಆಚೆ, ಮನೆಯವರ ಹೊಲದ ಬದುವಿನಲ್ಲಿ. ಅವಳು ಸತ್ತ ಎರಡು ವರ್ಷಕ್ಕೆ ನೀರು ಬಂತು. ಆಗಿನಿಂದ ಪ್ರತಿ ವರ್ಷ ಸತ್ತ ಹಿರಿಯರಿಗೆ ಮಾಡುವ ಪಕ್ಷದ ಹಬ್ಬಕ್ಕೆ ಅಕ್ಕ ವಿಮಲಮ್ಮ ಮುತ್ತುಗದ ಎಲೆಯಲ್ಲಿ ಎಡೆ ಇಟ್ಟು, ದಡದಲ್ಲಿ ಮಂಡಿಯುದ್ದ ನೀರಿಗೆ ಇಳಿದು, ಮರದ ದಿಕ್ಕಿಗೆ ತೇಲಿಬಿಡುತ್ತಿದ್ದಳು. ತಮ್ಮ ನಟರಾಜು ಊರಲ್ಲಿದ್ದರೆ ಅವನ ಜೊತೆ, ಇಲ್ಲದಿದ್ದರೆ ಒಬ್ಬಳೇ.

ನಟರಾಜು ಊರಲ್ಲಿದ್ದದ್ದೇ ಕಡಿಮೆ. ಹರೆಯದಲ್ಲೇ ಮಂಗಳೂರಿಗೆ ಹೋಗಿ, ಅಲ್ಲಿಂದ ಎಣ್ಣೆ ಸಾಗಿಸುವ ಟ್ಯಾಂಕರ್ ಹಡಗು ಹತ್ತಿದವನು, ತಲೆ ನರೆಯುವವರೆಗೆ ಪಂಪು ನೋಡಿಕೊಳ್ಳುವ ಕೆಲಸ ಮಾಡಿ ಊರಿಗೆ ಮರಳಿದ. ಸೀಗೆಹುಂಡಿಯವನು ಸಮುದ್ರಕ್ಕೆ ಹೋದದ್ದು ಊರಿಗೆ ತಮಾಷೆಯೇ. ಇದ್ದೂರು ಮುಳುಗಿದ್ದು ಸಾಲದು ಅಂತ ಇನ್ನೂ ದೊಡ್ಡ ನೀರು ಹುಡುಕಿಕೊಂಡು ಹೋದ ಎಂದು ನಗುತ್ತಿದ್ದರು. ರಜೆಗೆ ಬಂದಾಗ ವಿಮಲಮ್ಮ ಅವನ ಅಂಗಿಗಳನ್ನು ಮೂಸಿ ಮುಖ ಕಿವುಚುತ್ತಿದ್ದಳು. "ಅವ್ವ ಇದ್ದಿದ್ರೆ ನಿನ್ನ ಒಳೀಕೆ ಬುಡ್ತಿರ್ಲಿಲ್ಲ ಕಣ್ಲಾ ನಟ" ಎನ್ನುವಳು.

ಅದು ಸುಳ್ಳಲ್ಲ. ಅವ್ವನಿಗೆ ಸೀಮೆಎಣ್ಣೆ ವಾಸನೆ ಆಗುತ್ತಿರಲಿಲ್ಲ. ವಾಸನೆ ಬಡಿದರೆ ಅವತ್ತು ಊಟ ಬಿಡುತ್ತಿದ್ದಳು. ಸಂಜೆ ಬುಡ್ಡಿದೀಪಕ್ಕೆ ಎಣ್ಣೆ ತುಂಬುವ ಕೆಲಸ ಚಿಕ್ಕ ನಟರಾಜುವಿನದು. ತುಂಬಿ ಆದಮೇಲೆ ಹುಣಸೆಮರಕ್ಕೆ ಓಡಿ ಎಳೆ ಎಲೆ ಕಿತ್ತು ಎರಡೂ ಕೈಗೆ ತಿಕ್ಕಿ, ತೊಳೆದು, ಅವ್ವನ ಮುಂದೆ ನೀಡಬೇಕು. ಅವಳು ಮುದ್ದೆ ತಿರುವುವುದನ್ನು ನಿಲ್ಲಿಸಿ, ಬಗ್ಗಿ ಅವನ ಅಂಗೈ ಮೂಸಿ, "ಊಂ, ಈಗ ಬಾ" ಎನ್ನುವಳು. ಅವ್ವನ ಮುಖ ಅವನಿಗೆ ಈಗ ಸರಿಯಾಗಿ ನೆನಪಾಗುತ್ತಿರಲಿಲ್ಲ, ಅದು ಅವನನ್ನು ಒಳಗೊಳಗೇ ಕೊರೆಯುತ್ತಿತ್ತು. ಅಂಗೈಗೆ ತಾಗುತ್ತಿದ್ದ ಆ ಬಿಸಿ ಉಸಿರು ಮಾತ್ರ ಮರೆತಿರಲಿಲ್ಲ.

ಅವನು ಹತ್ತಿದ ಮೊದಲ ಹಡಗಿಗೆ ಒಂದೇ ಗೋಡೆ. ಕಬ್ಬಿಣದ ತಗಡಿನ ಈಚೆ ಕಡೆ ಎಣ್ಣೆ, ಆಚೆ ಕಡೆ ಸಮುದ್ರ. ಅಂಥ ಹಡಗು ಎಲ್ಲಾದರೂ ಬಂಡೆಗೆ ತಾಗಿದರೆ ಕಡಲಿಗೆ ಕಡಲೇ ಕಪ್ಪಾಗುತ್ತಿತ್ತು. ಆಮೇಲೆ ಕಾಯಿದೆ ಬದಲಾಯಿತು, ಒಂಟಿ ಗೋಡೆಯ ಹಡಗುಗಳು ಒಂದೊಂದಾಗಿ ಗುಜರಿಗೆ ಹೋದವು, ಎರಡು ಗೋಡೆಯವು ಬಂದವು. ಹೊರಗೊಂದು ಗೋಡೆ, ಒಳಗೊಂದು ಗೋಡೆ, ನಡುವೆ ಮನುಷ್ಯ ನಡೆದಾಡುವಷ್ಟು ಸಂದು. ಆ ಸಂದಿಗೆ ಟಾರ್ಚ್ ಹಿಡಿದು ಇಳಿದು, ಎಲ್ಲಾದರೂ ತೇವವಿದೆಯೇ ಎಂದು ನೋಡಿ ಬರುವುದೂ ನಟರಾಜುವಿನ ಕೆಲಸವಾಗಿತ್ತು. ಕತ್ತಲೆಯಲ್ಲಿ ನಡೆಯುವಾಗ ಅವನಿಗೆ ಗುಡಿಗೂ ಹುಣಸೆಮರಕ್ಕೂ ನಡುವಿನ ಗಾಡಿಹಾದಿ ನೆನಪಾಗುತ್ತಿತ್ತು. ಎಷ್ಟೋ ಸಲ ಅಲ್ಲಿ ಸುಮ್ಮನೆ ನಿಂತು ಊರಿಗೆ ಹೋಗಿಬಂದದ್ದುಂಟು.

ಒಮ್ಮೆ ಮಂಜಿನಲ್ಲಿ ಬೇರೊಂದು ಹಡಗು ಅವರದನ್ನು ಉಜ್ಜಿಕೊಂಡು ಹೋಯಿತು. ಹೊರಗೋಡೆ ಸೀಳಿ ಸಂದಿಗೆ ಸಮುದ್ರ ನುಗ್ಗಿತು. ಒಳಗೋಡೆಯ ಹಿಂದೆ ಎಣ್ಣೆ ತನಗೇನೂ ಗೊತ್ತಿಲ್ಲದ ಹಾಗೆ ಮಲಗಿತ್ತು. ಕ್ಯಾಪ್ಟನ್ ಕೂತು ಟೀ ಕುಡಿದದ್ದನ್ನು ನಟರಾಜು ಈಗಲೂ ಹೇಳುತ್ತಿದ್ದ. ಊರವರು ಟೀಯವರೆಗೆ ಕೇಳಿ ಎದ್ದು ಹೋಗುತ್ತಿದ್ದರು.

ಅವರು ಕೂತು ಕೇಳುವಂತಾದದ್ದು ಹೋದ ವರ್ಷ. ಊರಿನ ಒಂದಿಷ್ಟು ಜಮೀನು ನೀರಿನಾಚೆಯ ದಿಬ್ಬದಲ್ಲಿತ್ತು. ಅಲ್ಲಿಗೆ ಕರೆಂಟಿಲ್ಲ, ಪಂಪಿಗೆಲ್ಲ ಡೀಸೆಲ್ಲೇ. ರಸ್ತೆಯಲ್ಲಿ ಹೋದರೆ ಕಾಡು ಸುತ್ತಿಕೊಂಡು ಅರ್ಧ ದಿನ, ಹಾಗಾಗಿ ಎಲ್ಲರೂ ದಾಸಯ್ಯನ ಹರಿಗೋಲನ್ನೇ ನಂಬಿದ್ದರು. ದಾಸಯ್ಯ ನಟರಾಜುವಿನ ಓರಗೆಯವನು, ಅವನ ಜೊತೆ ಹುಣಸೆಕಾಯಿಗೆ ಕಲ್ಲು ಹೊಡೆದವನು. ಪಕ್ಷಕ್ಕೆ ಒಂದು ವಾರವಿದೆ ಎನ್ನುವಾಗ ಅವನು ಬಾಯಿಗೆ ಬಟ್ಟೆ ತುರುಕಿದ ಡ್ರಮ್ಮುಗಳನ್ನು ಹೇರಿಕೊಂಡು ಗುಡಿ ಸುತ್ತು ಹಾಕುತ್ತಿದ್ದ. ಗಾಳಿ ತಳ್ಳಿತು, ಹುಣಸೆ ಮೋಟು ಹರಿಗೋಲಿನ ತಳ ಸೀಳಿತು. ದಾಸಯ್ಯ ಈಜಿ ದಡ ಸೇರಿದ. ಡೀಸೆಲ್ ನೀರಿನ ಮೇಲೆ ಹರಡಿಕೊಂಡಿತು.

ಮೀನು ಬೆಳ್ಳಗೆ ಹೊಟ್ಟೆ ಮೇಲಾಗಿ ತೇಲಿದವು. ದನಗಳು ನೀರಿಗೆ ಮೂತಿ ಇಟ್ಟು ಹಿಂದೆ ಸರಿದವು. ಪಕ್ಷದ ದಿನ ವಿಮಲಮ್ಮ ಎಡೆ ಹಿಡಿದು ದಡಕ್ಕೆ ಹೋದವಳು ನೀರಿನ ಮೇಲೆ ನವಿಲುಬಣ್ಣ ನೋಡಿ ನಿಂತಳು, ಸೆರಗನ್ನು ಮೂಗಿಗೆ ಹಿಡಿದಳು. ಎಡೆಯನ್ನು ಮನೆಗೆ ವಾಪಸು ತಂದು ಹಿತ್ತಲ ಕಲ್ಲಿನ ಮೇಲಿಟ್ಟಳು. ಕಾಗೆ ಬಂದು ತಿಂದರೂ ಅವಳಿಗೆ ಸಮಾಧಾನವಾಗಲಿಲ್ಲ.

"ಆ ವಾಸ್ನೇಲಿ ಅವ್ವ ಉಣ್ತಾಳಾ? ಉಪಾಸ ಕಳುಸ್ದಂಗಾಯ್ತು ಕಣ ನಟ" ಎಂದು ಅತ್ತಳು. ಜನ್ಮವೆಲ್ಲ ಎಣ್ಣೆ ಚೆಲ್ಲದಂತೆ ಕಾದವನ ಅವ್ವನ ಮೇಲೆಯೇ ಎಣ್ಣೆ ಚೆಲ್ಲಿತ್ತು. ಇನ್ನೊಂದು ಸಲ ಹೀಗಾಗಲು ಬಿಡುವುದಿಲ್ಲ ಎಂದು ನಟರಾಜು ಅವತ್ತೇ ಅಂದುಕೊಂಡ.

ಊರಿನ ಸೊಸೈಟಿಯವರು ಕಬ್ಬಿಣದ ದೋಣಿ ಮಾಡಿಸುವುದೆಂದು ತೀರ್ಮಾನಿಸಿದರು. ಕಾರ್ಯದರ್ಶಿ ನಂಜುಂಡೇಶ್ ಚುರುಕು ಮನುಷ್ಯ, ಏನು ಹೇಳಿದರೂ ಅದರಿಂದ ಲಾಭವೆಷ್ಟು ಎಂದು ಮೊದಲು ಕೇಳುವವನು. ನಟರಾಜು ನೆಲದ ಮೇಲೆ ಕಡ್ಡಿಯಲ್ಲಿ ದೋಣಿ ಬರೆದು, ಒಳಗೆ ಇನ್ನೊಂದು ಗೆರೆ ಎಳೆದು, ಡೀಸೆಲ್ ಇದರೊಳಗೆ, ಸುತ್ತ ಸಂದು ಖಾಲಿ ಎಂದಾಗ ಅವನು ಹುಬ್ಬು ಗಂಟಿಕ್ಕಿದ.

"ನಟರಾಜಣ್ಣ, ಅರ್ಧ ದೋಣಿ ಬರೀ ಗಾಳಿ ಒತ್ಕಂಡು ಓಗಾಕಾ? ಇದು ಸಮುದ್ರ ಅಲ್ಲ ಕಣ್ರೀ."

"ಮೋಟು ಇಲ್ಲೂ ಐತಲ್ಲಪ್ಪ."

"ಮೋಟು ಬುಟ್ಟು ನೇರ ಓಗಿ. ಗುಡಿ ಮ್ಯಾಲೆ ಓದ್ರೆ ಏನೂ ಅಡ್ಡ ಇಲ್ಲ, ಬಯಲು."

ಆ ಮಾತನ್ನು ನಟರಾಜುವೂ ದಾಸಯ್ಯನಿಗೆ ಹೇಳಿ ನೋಡಿದ್ದ. ದಾಸಯ್ಯ ಬೀಡಿ ತೆಗೆದು ಅವನನ್ನೇ ದಿಟ್ಟಿಸಿದ್ದ. "ನೀರು ಮ್ಯಾಕ್ ಬಂತು ಅಂತ ಮಾರವ್ವನ ನೆತ್ತಿ ಮ್ಯಾಲೆ ಅತ್ತಕಾಯ್ತದೇನ್ಲಾ? ನೀನು ಓಗ್ತೀಯಾ?"

"ಓಗ್ತೀನಿ. ನಾನು ಪ್ರಪಂಚ ಸುತ್ತಿ ಬಂದೋನು" ಎಂದಿದ್ದ ನಟರಾಜು, ತುಸು ಜಂಬದಿಂದಲೇ. ದಾಸಯ್ಯ ಬದಲಾಗುವವನಲ್ಲ ಎಂದು ಅವನಿಗೆ ಗೊತ್ತಿತ್ತು. ಜನ ಬದಲಾಗದಿದ್ದರೆ ದೋಣಿಯಾದರೂ ಬದಲಾಗಲಿ, ಹಡಗು ಕಟ್ಟುವವರೂ ಅದನ್ನೇ ಮಾಡಿದ್ದು ಎಂದು ಸೊಸೈಟಿಯ ಮುಂದೆ ಹಟ ಹಿಡಿದ. ಕೊನೆಗೆ ನಂಜುಂಡೇಶ್ ಒಂದು ಷರತ್ತು ಹಾಕಿ ಒಪ್ಪಿದ. ಮುಂದಿನ ಪಕ್ಷದವರೆಗೆ ನೋಡುವುದು. ಅಷ್ಟರಲ್ಲಿ ಒಳಗೋಡೆ ಉಪಯೋಗಕ್ಕೆ ಬಾರದಿದ್ದರೆ ಕತ್ತರಿಸಿ ತೆಗೆದು ಜಾಗ ಮಾಡಿಕೊಳ್ಳುವುದು.

ದೋಣಿ ತಯಾರಾದದ್ದು ಹುಣಸೂರಿನಲ್ಲಿ, ಸ್ವಾಮಿಯ ವರ್ಕ್‌ಶಾಪಿನಲ್ಲಿ. ಅವನು ಹೊಗೆಸೊಪ್ಪು ಬೇಯಿಸುವ ಬ್ಯಾರನ್ನುಗಳಿಗೆ ಕೊಳವೆ, ಟ್ರ್ಯಾಕ್ಟರಿಗೆ ಟ್ರೇಲರ್ ಮಾಡುವವನು. ದೋಣಿಯೊಳಗೆ ದೋಣಿ ಕೂರಿಸಿ, ನಡುವಿನ ಸಂದನ್ನು ಅಡ್ಡತಗಡು ಹಾಕಿ ಗೂಡುಗೂಡಾಗಿ ಮಾಡುವಾಗ ಅವನಿಗೆ ಸಾಕುಬೇಕಾಯಿತು. ಒಂದು ಗೂಡಿಗೆ ನೀರು ಬಂದರೆ ಪಕ್ಕದ ಗೂಡಿಗೆ ಹೋಗಬಾರದು ಎಂದು ನಟರಾಜು ಪ್ರತಿ ಬೆಸುಗೆಗೂ ಸೋಪಿನ ನೀರು ಬಳಿದು, ಒಳಗಿನಿಂದ ಗಾಳಿ ಹೊಡೆಸಿ, ಗುಳ್ಳೆ ಎದ್ದ ಕಡೆಯೆಲ್ಲ ಮತ್ತೆ ಬೆಸೆಸಿದ. ಹಡಗು ಬಿಟ್ಟ ಮೇಲೆ ಅಷ್ಟು ಖುಷಿಯಾಗಿ ಅವನು ಇದ್ದದ್ದೇ ಇಲ್ಲ. ಸುಟ್ಟ ಕಬ್ಬಿಣದ ವಾಸನೆಗೆ ಅವನ ಹಳೇ ದಿನಗಳೆಲ್ಲ ಎದ್ದು ಬಂದವು.

ದಾಸಯ್ಯನ ಕೈಯಲ್ಲಿ ದೋಣಿ ಬೇಸಿಗೆ ದಾಟಿತು, ಮಳೆಗಾಲ ದಾಟಿತು. ಎಲ್ಲಿಯೂ ತಾಗಲಿಲ್ಲ. ನೀರು ಏರುತ್ತ ಹೋದಂತೆ ನಂಜುಂಡೇಶ್ ಸಿಕ್ಕಾಗೆಲ್ಲ ನಗುತ್ತ, "ಪಕ್ಷ ಬತ್ತಾ ಐತೆ, ನಟರಾಜಣ್ಣ" ಎನ್ನುತ್ತಿದ್ದ. ನಟರಾಜುವಿಗೆ ನಿದ್ದೆ ಕೆಟ್ಟಿತು. ಗೋಡೆ ಕತ್ತರಿಸಿದ ಮೇಲೆ ಒಂದಲ್ಲ ಒಂದು ದಿನ ಮರ ತಾಗುತ್ತದೆ, ಅವ್ವನ ಮೇಲೆ ಮತ್ತೆ ಎಣ್ಣೆ ಹರಿಯುತ್ತದೆ. ಹಾಗಂತ ದೋಣಿ ಮೋಟಿಗೆ ತಾಗಲಿ ಎಂದು ಹರಕೆ ಹೊರಲಾದೀತೇ?

ಪಕ್ಷದ ಹಿಂದಿನ ದಿನ ದಾಸಯ್ಯನಿಗೆ ಜ್ವರ. ಆಚೆ ದಿಬ್ಬದಲ್ಲಿ ಡೀಸೆಲ್ ಮುಗಿದು ಪಂಪುಗಳು ನಿಂತಿದ್ದವು. ಚುಕ್ಕಾಣಿ ಹಿಡಿಯಲು ನಟರಾಜುವೇ ಹೊರಟ, ಡೀಸೆಲ್ ಹಂಚಲು ನಂಜುಂಡೇಶ್ ಜೊತೆಗೆ ಹತ್ತಿದ. ಹಿನ್ನೀರು ದಂಡೆಯವರೆಗೂ ತುಂಬಿತ್ತು, ಕಾಕನಕೋಟೆಯ ಕಡೆಯಿಂದ ಗಾಳಿ ಬೀಸುತ್ತಿತ್ತು. ಒಂದು ಮೋಟೂ ಕಾಣುತ್ತಿರಲಿಲ್ಲ.

"ಇವತ್ತು ದಾಸಯ್ಯ ಇಲ್ಲ. ನೇರವಾಗೇ ಓಗಿ" ಎಂದ ನಂಜುಂಡೇಶ್.

"ನೇರವಾಗೇ" ಎಂದ ನಟರಾಜು. ಹಾಗೆಯೇ ಹೋಗಬೇಕೆಂದು ಅವನೂ ನಿರ್ಧರಿಸಿದ್ದ. ಗೋಡೆ ಉಳಿಯದಿದ್ದರೆ ದಾರಿಯನ್ನಾದರೂ ಬದಲಿಸಿ ತೋರಿಸಬೇಕು, ನಾಳೆಯಿಂದ ಎಲ್ಲರಿಗೂ ಅದೇ ರೂಢಿಯಾಗಲಿ. ಚಾವಡಿ ದಾಟಿದ. ಪಟೇಲರ ಹಟ್ಟಿ ದಾಟಿದ. ಕೆಳಗೆ ಗುಡಿಯ ಮೆಟ್ಟಿಲು ಇದ್ದ ಜಾಗ ಹತ್ತಿರ ಬಂತು. ಅವ್ವ ಅವನ ಕೈ ಹಿಡಿದು, ಚಪ್ಪಲಿಯಿಲ್ಲದ ಕಾಲಲ್ಲಿ ಗುಡಿಯನ್ನು ಸುತ್ತಿಸುತ್ತಿದ್ದದ್ದು ಇಲ್ಲಿಯೇ. ಎಳೆಯುತ್ತಿದ್ದಳು, ಅವನು ಓಡುತ್ತಿದ್ದ.

ಚುಕ್ಕಾಣಿ ಎಡಕ್ಕೆ ತಿರುಗಿತು. ತಿರುಗಿಸಿದ್ದು ತಾನೇ ಎಂದು ಅವನಿಗೆ ತಿಳಿದದ್ದು ದೋಣಿ ಸುತ್ತು ಹಿಡಿದ ಮೇಲೆ. ಅಷ್ಟರಲ್ಲಿ ಗಾಳಿ ತಳ್ಳಿತು, ತಳದಿಂದ ತಗಡು ಹರಿಯುವ ಸದ್ದು ಬಂತು, ದೋಣಿ ಗಕ್ಕನೆ ನಿಂತು ಮಗ್ಗುಲಿಗೆ ವಾಲಿತು.

ನಂಜುಂಡೇಶ್ ಅಂಚು ಹಿಡಿದು ಕೂತುಬಿಟ್ಟ. ನಟರಾಜು ಎಂಜಿನ್ ನಿಲ್ಲಿಸಿ, ವಾಲಿದ ಕಡೆಯ ಗೂಡಿನ ಮುಚ್ಚಳ ತಿರುಗಿಸಿದ. ಒಳಗೆ ನೀರು ಬುಳಬುಳ ಏರುತ್ತಿತ್ತು. ಪಕ್ಕದ ಗೂಡು ತೆಗೆದ. ಅದು ಒಣಗಿತ್ತು. ಡೀಸೆಲ್ ಅಳೆಯುವ ಕೋಲನ್ನು ಇಳಿಸಿ ಎತ್ತಿದ. ಹೊರಡುವಾಗ ಎಲ್ಲಿತ್ತೋ ಅಲ್ಲಿಯೇ ಇತ್ತು. ಅಷ್ಟಕ್ಕೇ ಬಿಡದೆ ದೋಣಿಯ ಸುತ್ತ ನೀರನ್ನು ದಿಟ್ಟಿಸಿ ನೋಡಿದ. ಕೆಸರು ಬಣ್ಣದ ನೀರು, ಬೇರೇನೂ ಇಲ್ಲ.

"ಮುಳುಗ್ತದಾ?" ಎಂದ ನಂಜುಂಡೇಶ್.

"ಇಲ್ಲ. ಗಾಳಿ ಇದ್ದ ಜಾಗಕ್ಕೆ ನೀರು ಬಂದದೆ, ಅಷ್ಟೇಯಾ."

ಬಿದಿರು ಗಳುವಿನಿಂದ ಮೋಟನ್ನು ಒತ್ತಿ ದೋಣಿ ಬಿಡಿಸಿಕೊಂಡರು. ಅದು ಒಂದು ಕಾಲು ಉಳುಕಿದ ಎತ್ತಿನ ಹಾಗೆ ವಾಲುತ್ತಲೇ ದಡಕ್ಕೆ ಬಂತು.

ಡೀಸೆಲ್ಲನ್ನು ಬೇರೆ ಡ್ರಮ್ಮುಗಳಿಗೆ ಇಳಿಸಿ ದೋಣಿಯನ್ನು ಮಗುಚಿದಾಗ ಮೊಳದುದ್ದ ಸೀಳಿತ್ತು. ಅದರಲ್ಲಿ ಕಪ್ಪನೆಯ ಮರದ ಚಕ್ಕೆಯೊಂದು ಸಿಕ್ಕಿಕೊಂಡಿತ್ತು. ಜ್ವರದಲ್ಲೇ ಕಂಬಳಿ ಹೊದ್ದು ಬಂದ ದಾಸಯ್ಯ ಅದನ್ನು ಕಿತ್ತು ನಟರಾಜುವಿನ ಕೈಗೆ ಕೊಟ್ಟ. "ಪ್ರಪಂಚ ಸುತ್ತಿದೋನು ಮಾರವ್ವನ್ನೂ ಸುತ್ತುದ್ನಾ?" ಎಂದ. ನಟರಾಜುವಿಗೆ ನಾಚಿಕೆಯೂ ಆಯಿತು, ನಗುವೂ ಬಂತು.

ನಂಜುಂಡೇಶ್ ಆ ಸೀಳಿನ ಮುಂದೆ ಕುಕ್ಕರಗಾಲಲ್ಲಿ ಕೂತು, ಕಡ್ಡಿ ತೂರಿಸಿ ಒಳಗೋಡೆಯನ್ನು ತಟ್ಟಿ ನೋಡಿದ. ಆಮೇಲೆ ಹುಣಸೂರಿಗೆ ಫೋನ್ ಮಾಡಿದ. "ಸ್ವಾಮಿ, ಹೊರಗಡೆ ತಗಡಿಗೆ ಒಂದು ತೇಪೆ ಆಕ್ಬೇಕು ಕಣಪ್ಪ. ಒಳಗಿಂದು ಮುಟ್ಬೇಡ. ಅದು ಅಂಗೇ ಇರ್ಲಿ."

ಮರುದಿನ ವಿಮಲಮ್ಮ ಎಡೆ ಹಿಡಿದು ದಡಕ್ಕೆ ಬಂದಳು. ಮುದ್ದೆ, ಅವರೆಕಾಳಿನ ಸಾರು, ಅವ್ವನಿಗೆ ಇಷ್ಟವಾದ ಕಜ್ಜಾಯ. ಎಲೆಯ ಅಂಚಿನಲ್ಲಿ ಆ ಹುಣಸೆ ಚಕ್ಕೆಯನ್ನೂ ಇಟ್ಟಿದ್ದಳು. ನೀರಿಗೆ ಇಳಿಯದೆ ದಡದಲ್ಲೇ ನಿಂತಳು. ಹೋದ ವರ್ಷದ್ದು ಅವಳ ಮನಸ್ಸಿನಿಂದ ಹೋಗಿರಲಿಲ್ಲ.

"ನೀ ಇಳಿ ಮೊದ್ಲು" ಎಂದಳು.

ನಟರಾಜು ಪಂಚೆ ಎತ್ತಿ ಕಟ್ಟಿ ಮಂಡಿಯುದ್ದ ನೀರಿಗೆ ಇಳಿದ. ಎರಡೂ ಕೈಗಳನ್ನು ನೀರಿನಲ್ಲಿ ಅದ್ದಿ ತಿಕ್ಕಿ ತೊಳೆದ. ತಿರುಗಿ ಬಂದು, ಅಕ್ಕ ಕೇಳುವ ಮೊದಲೇ ಅಂಗೈಗಳನ್ನು ಅವಳ ಮುಂದೆ ನೀಡಿದ. ಅರವತ್ತು ದಾಟಿದ ಕೈಗಳಿಂದ ನೀರು ತೊಟ್ಟಿಕ್ಕುತ್ತಿತ್ತು.

ವಿಮಲಮ್ಮ ಎಡೆಯನ್ನು ಒಂದು ಕೈಗೆ ಬದಲಿಸಿಕೊಂಡು, ಬಗ್ಗಿ, ಒಂದೊಂದೇ ಅಂಗೈಯನ್ನು ಮೂಸಿದಳು. ಅವಳ ಬಿಸಿ ಉಸಿರು ಒದ್ದೆ ಕೈಗೆ ತಾಗಿತು.

"ಊಂ, ಈಗ ಬಾ" ಎಂದು ಅವನ ಕೈ ಹಿಡಿದು ನೀರಿಗೆ ಇಳಿದಳು.