ಹಿಂಬಾಗಿಲ ಕೊಂಡಿ

ಹಲ್ಲಿನ ಡಾಕ್ಟರಿಗೆ ಹಳೆಯ ಕಬ್ಬಿಣದ ಹುಚ್ಚು. ವಾರವೆಲ್ಲ ಬಾಯಿ ನೋಡಿ ಬೇಸತ್ತವನು ರಜೆ ಬಂದರೆ ಊರಾಚೆಯ ಶೆಡ್ಡಿಗೆ ಹೋಗಿ ತುಕ್ಕು ಕೆರೆಯುತ್ತ ಕೂರುತ್ತಿದ್ದ. ನೇಗಿಲು, ಪಂಪು, ಹುಲ್ಲು ಕತ್ತರಿಸುವ ಯಂತ್ರ, ಏನು ಸಿಕ್ಕರೂ ಸರಿ. ಇವು ಎಷ್ಟು ಕೆರೆದರೂ ಕೂಗಿಕೊಳ್ಳೋದಿಲ್ಲವಲ್ಲ ಅನ್ನುತ್ತಿದ್ದ. ಹೆಂಡತಿ ಆ ಶೆಡ್ಡಿಗೆ ಒಮ್ಮೆಯೂ ಕಾಲಿಟ್ಟವಳಲ್ಲ. ಕ್ಲಿನಿಕ್ಕನ್ನು ನಡೆಸುತ್ತಿದ್ದವಳೇ ಅವಳು. ಬೆಳಿಗ್ಗೆ ಮೊದಲು ಬಂದು ಉಪಕರಣ ಕುದಿಸಿಡುವುದು, ರೋಗಿಗಳನ್ನು ಸಮಾಧಾನಪಡಿಸಿ ಕೂರಿಸುವುದು, ಸಂಜೆ ಬೀಗ ಹಾಕುವುದು. ಹಾಕಿದ ಬೀಗವನ್ನು ಮೆಟ್ಟಿಲಿಳಿದ ಮೇಲೂ ತಿರುಗಿ ಬಂದು ಎಳೆದು ನೋಡುತ್ತಿದ್ದಳು. ಗಂಡ ಅದನ್ನು ನಾಲ್ಕು ಜನರ ಮುಂದೆ ಆಡಿಕೊಂಡು ನಗುತ್ತಿದ್ದ. ಅವಳೂ ನಗುತ್ತಿದ್ದಳು.

ಹೊಳೆಯಾಚೆ ಹೊಸದಾಗಿ ಜಮೀನು ಕೊಂಡ ರೋಗಿಯೊಬ್ಬ, ಮುಳ್ಳುಪೊದೆ ಕಡಿಸುವಾಗ ಒಳಗೊಂದು ಹಳೆಯ ಟ್ರೇಲರ್ ಸಿಕ್ಕಿದೆ, ಬೇಕಾದರೆ ಎತ್ತಿಕೊಂಡು ಹೋಗಿ ಅಂದ. ಡಾಕ್ಟರ್ ಅಂದೇ ಹೋಗಿ ನೋಡಿದ. ಹಿಂಭಾಗವೆಲ್ಲ ಮಣ್ಣಿನಲ್ಲಿ ಹೂತಿತ್ತು, ಹಲಗೆಗಳು ಗೆದ್ದಲು ಹಿಡಿದು ಪುಡಿಯಾಗಿದ್ದವು, ನಡುವಿನಿಂದ ಒಂದು ಮರವೇ ಬೆಳೆದಿತ್ತು. ಅವನಿಗಂತೂ ರೋಗಿಗೆ ಹಾಲು ಅನ್ನ ಸಿಕ್ಕ ಹಾಗಾಯಿತು.

ಶೆಡ್ಡಿಗೆ ತಂದ ಮೇಲೆ ಮೊದಲು ಅದು ಯಾರು ಮಾಡಿದ್ದೆಂದು ಹುಡುಕಿದ. ಟ್ರ್ಯಾಕ್ಟರಿಗೆ ಸಿಕ್ಕಿಸುವ ಮೂತಿಯ ಕಂಬಿಯ ಕೆಳಗೆ ಮಲಗಿ, ಬಾಯಿ ನೋಡುವ ಪುಟ್ಟ ಕನ್ನಡಿ ಹಿಡಿದು, ಹಲ್ಲು ಕೆರೆಯುವ ಸೂಜಿಯಿಂದ ತುಕ್ಕು ಬಿಡಿಸಿದ. ಒಂದೊಂದೇ ಅಕ್ಷರ ಮೇಲೆ ಬಂತು. ಎಂದೋ ಬಾಗಿಲು ಮುಚ್ಚಿದ್ದ ಕಾರ್ಖಾನೆಯ ಮೊದಮೊದಲ ಟ್ರೇಲರ್‌ಗಳಲ್ಲಿ ಅದೂ ಒಂದು. ಅಂಥದ್ದು ಇನ್ನೊಂದು ಉಳಿದಿರುವುದು ಅವನಂಥ ಹವ್ಯಾಸಿಗಳ ಬಳಗದಲ್ಲಿ ಯಾರಿಗೂ ಗೊತ್ತಿರಲಿಲ್ಲ. ಎಡಗಡೆಯ ತಗಡಿನ ಮೇಲೆ ಯಾರೋ ಉಳಿಯಿಂದ ಒಂದು ಮೀನು ಕೊರೆದಿದ್ದರು. ಹಳೆಯ ಯಜಮಾನನ ಗುರುತಿರಬೇಕು ಅಂದುಕೊಂಡ.

ಆಮೇಲೆ ಒಂದೊಂದೇ ಭಾಗ ಬಿಚ್ಚಿದ. ಮೂಟೆ ಜಾರದಂತೆ ಮುಚ್ಚುವ ಹಿಂಬಾಗಿಲ ಕೊಂಡಿ ಎರಡು ತುಂಡಾಗಿತ್ತು. ಮುರಿದ ಜಾಗದ ಮುಕ್ಕಾಲು ಪಾಲು ಕಪ್ಪಗಿತ್ತು. ಬಹಳ ಹಿಂದೆಯೇ ಬಿಟ್ಟ ಬಿರುಕು. ಕೊನೆಯ ಚೂರು ಮಾತ್ರ ಒಮ್ಮೆಲೇ ಹರಿದದ್ದು. ಮೇಲೆ ನೆಟ್ಟಗಿದ್ದು ಒಳಗೆ ಹುಳುಕಾದ ಹಲ್ಲಿನ ಹಾಗೆ, ಅನ್ನಿಸಿತು ಅವನಿಗೆ. ತುಂಡುಗಳನ್ನು ಗುಜರಿ ಡಬ್ಬಕ್ಕೆ ಎಸೆದು, ಹೊಸ ಕೊಂಡಿ ಬಡಿದು ಕೂರಿಸಿದ. ತಿಂಗಳ ಕೊನೆಗೆ ಗುಜರಿಯವನು ಬಂದು ಡಬ್ಬ ಖಾಲಿ ಮಾಡಿಕೊಂಡು ಹೋದ. ಕೆಲಸದ ನಡುವಿನ ಕೊಳಕು ಫೋಟೊ ತೆಗೆಯುವ ಅಭ್ಯಾಸ ಅವನಿಗಿರಲಿಲ್ಲ.

ಬಣ್ಣವೊಂದು ಬಾಕಿ ಇದ್ದಾಗ ಹೆಂಡತಿಯ ಸೋದರತ್ತೆ ಕಟ್ಟುಹಲ್ಲಿನ ಅಳತೆ ಕೊಡಲು ಕ್ಲಿನಿಕ್ಕಿಗೆ ಬಂದಳು. ಅಚ್ಚು ಗಟ್ಟಿಯಾಗುವವರೆಗೆ ಮುದುಕಿ ಬಾಯಿ ಬಿಡುವ ಹಾಗಿರಲಿಲ್ಲ. ಹೊತ್ತು ಕಳೆಯಲೆಂದು ಡಾಕ್ಟರ್ ತನ್ನ ಫೋನಿನಲ್ಲಿ ಟ್ರೇಲರ್ ತೋರಿಸಿದ. ಮೀನು ಕಂಡದ್ದೇ ಅವಳು ಅವನ ಮಣಿಕಟ್ಟು ಹಿಡಿದುಕೊಂಡಳು. ಅಚ್ಚು ತೆಗೆದ ಮೇಲೆ, ಹೊರಗೆ ಕೂತಿದ್ದ ಡಾಕ್ಟರನ ಹೆಂಡತಿಗೆ ಕೇಳದಂತೆ ಹೇಳಿದಳು. ಆ ಮೀನು ಕೊರೆದವನು ಅವಳ ಅಣ್ಣ, ಅಂದರೆ ಡಾಕ್ಟರನ ಮಾವ. ನೇಗಿಲಿಗೆ, ಕಣಜಕ್ಕೆ, ಅವಳ ಮಂಚದ ಕಾಲಿಗೆ ಕೂಡ ಅದನ್ನೇ ಕೊರೆದಿದ್ದ. ಹೆಂಡತಿಯ ತಮ್ಮ ಚಿಕ್ಕಂದಿನಲ್ಲಿ ಜ್ವರ ಬಂದು ಸತ್ತ ಅಂತ ಡಾಕ್ಟರ್ ತಿಳಿದಿದ್ದ. ಜ್ವರವಲ್ಲ. ಮೂಟೆಗಳ ಮೇಲೆ ಕೂತು ಬರುತ್ತಿದ್ದವನು ಈ ಟ್ರೇಲರಿನಿಂದ ಬಿದ್ದು ಕಲ್ಲಿಗೆ ತಲೆ ಬಡಿದು ಸತ್ತಿದ್ದ. ಅಪ್ಪನೇ ಅದನ್ನು ಪೊದೆಗೆ ನೂಕಿ, ಆಮೇಲೆ ಜಮೀನನ್ನೂ ಮಾರಿದ್ದ.

"ಅವಳಿಗೆ ತೋರಿಸ್ಬೇಡಿ ಅಳಿಯಂದ್ರೇ. ಅವರಮ್ಮನ ಕಣ್ಣಿಗಂತೂ ಬೀಳಲೇಬಾರದು. ಎಲ್ಲಿತ್ತೋ ಅಲ್ಲೇ ಬಿಟ್ಟುಬಿಡಿ" ಅಂದಳು ಮುದುಕಿ.

ಡಾಕ್ಟರ್, ಆಗಲಿ ಅಂದ. ಆದರೆ ಹಳೆಯ ಯಂತ್ರಗಳ ಪ್ರದರ್ಶನ ಹತ್ತಿರ ಬಂದಿತ್ತು, ಅಷ್ಟು ಒಳ್ಳೆಯ ಕೆಲಸವನ್ನು ಅವನು ಹಿಂದೆ ಮಾಡಿರಲಿಲ್ಲ. ಹೆಂಡತಿ ಹೇಗೂ ಇಂಥ ಕಡೆ ಬರುವವಳಲ್ಲ, ಅವಳ ತಾಯಿ ಔಷಧಿ ತರಲಿಕ್ಕಲ್ಲದೆ ಮನೆ ಬಿಟ್ಟು ಕದಲುವವಳಲ್ಲ. ಮೀನಿನ ಮೇಲೆ ತಗ್ಗು ತುಂಬುವ ಲಪ್ಪ ಹಚ್ಚಿ ಮುಚ್ಚಿಬಿಡೋಣವೆಂದು ಕರಣೆ ಕೈಗೆತ್ತಿಕೊಂಡ. ಅಸಲು ಗುರುತು ಅಳಿಸಿದರೆ ತೀರ್ಪುಗಾರರು ಒಪ್ಪುವುದಿಲ್ಲ ಅನ್ನುವುದು ನೆನಪಾಯಿತು. ಕರಣೆ ಕೆಳಗಿಟ್ಟು, ಸಣ್ಣ ಕುಂಚ ತೆಗೆದುಕೊಂಡು ಮೀನಿಗೆ ಕೆಂಪು ತುಂಬಿದ.

ಪ್ರದರ್ಶನ ನಡೆಸುವವರು ಮೆಚ್ಚಿ ಮೀನು ಕಾಣುವ ಟ್ರೇಲರಿನ ಚಿತ್ರವನ್ನೇ ಭಿತ್ತಿಪತ್ರದಲ್ಲಿ ಹಾಕಿಬಿಟ್ಟರು. ಔಷಧಿ ಅಂಗಡಿಯ ಗೋಡೆಯ ಮೇಲೆ ಅದನ್ನು ನೋಡಿದ ಅತ್ತೆ, ತನ್ನ ಮಗಳಿಗೆ ಫೋನು ಮಾಡಿದಳು. ಯಾಕೆ ಎಂದು ಹೇಳದೆ, ಪ್ರದರ್ಶನದ ದಿನ ತನ್ನನ್ನು ಮೈದಾನಕ್ಕೆ ಕರೆದುಕೊಂಡು ಹೋಗು ಅಂದಳು ಅಷ್ಟೇ.

ಜನರ ನಡುವೆ ತಾಯಿ ಮಗಳು ಬರುವುದನ್ನು ಡಾಕ್ಟರ್ ಕಂಡ. ಹೆಂಡತಿ ದೂರದಲ್ಲೇ ನಿಂತುಬಿಟ್ಟಳು. ಅತ್ತೆ ಮಾತ್ರ ನೆಟ್ಟಗೆ ಬಂದು ಮೀನಿನ ಮೇಲೆ ಕೈಯಾಡಿಸಿ, ಸುತ್ತು ಹಾಕಿ ಹಿಂದಕ್ಕೆ ಹೋದಳು. ಹಿಂಬಾಗಿಲನ್ನು ತಾನೇ ಕೆಳಗಿಳಿಸಿ ಮಗಳನ್ನು ಕರೆದಳು.

"ಬಾ. ಆವತ್ತು ಹೇಗೆ ಹಾಕಿದ್ದೆ, ಹಾಕಿ ತೋರಿಸು."

ನಡುವಯಸ್ಸು ದಾಟಿದ ಮಗಳು ಮುಂದೆ ಬಂದಳು. ಎರಡೂ ಕೈಯಿಂದ ಬಾಗಿಲೆತ್ತಿ, ಕೊಂಡಿ ಸಿಕ್ಕಿಸಿ, ಎಳೆದು ನೋಡಿದಳು.

"ಹಾಕೋಕೆ ಬರುತ್ತಲ್ಲ ಹಾಗಾದ್ರೆ" ಅಂದಳು ತಾಯಿ.

ತಾಯಿ ಮಗಳ ನಡುವೆ ಬಂದುಹೋದ ನಾಲ್ಕು ಮಾತಿನಿಂದ ಡಾಕ್ಟರಿಗೆ ಎಲ್ಲ ತಿಳಿಯಿತು. ಬಾಗಿಲಿಗೆ ಕೊಂಡಿ ಹಾಕುವ ಕೆಲಸವನ್ನು ಅಂದು ಹುಡುಗಿಯಾಗಿದ್ದ ಅವನ ಹೆಂಡತಿಗೆ ಹೇಳಿದ್ದರು, ದಾರಿಯಲ್ಲಿ ಬಾಗಿಲು ತೆರೆದುಕೊಂಡು ತಮ್ಮ ಬಿದ್ದಿದ್ದ. ಹಾಕಿದ್ದೆ ಅಂತ ಅವಳು ಅತ್ತರೂ ತಾಯಿ ನಂಬಲಿಲ್ಲ. ಅಂದಿನಿಂದ ಆ ಮನೆಯಲ್ಲಿ ಅವಳು ಮುಚ್ಚಿದ ಪ್ರತಿ ಬಾಗಿಲನ್ನೂ ತಾಯಿ ಎದ್ದು ಹೋಗಿ ಇನ್ನೊಮ್ಮೆ ನೋಡುತ್ತಿದ್ದಳು.

ಅವನು ನುಗ್ಗಿ ಬಂದು ಹೇಳಿದ: ಕೊಂಡಿ ಒಳಗಿಂದ ಹುಳುಕಾಗಿತ್ತು, ತಾನೇ ಕಣ್ಣಾರೆ ಕಂಡಿದ್ದೇನೆ, ಇವಳು ಹಾಕಿದ್ದೇ ನಿಜ, ಭಾರಕ್ಕೆ ಅದೇ ಹರಿದಿದೆ. ಅತ್ತೆ ಪೂರ್ತಿ ಕೇಳಿಸಿಕೊಂಡಳು.

"ಎಲ್ಲಿದೆ, ತೋರಿಸಿ."

"ಗುಜರಿಗೆ ಹೋಯ್ತು."

"ಹೆಂಡತಿ ಪರ ನಿಲ್ಲೋದು ಒಳ್ಳೇದೇ" ಅಂದು ಅತ್ತೆ ಸೆರಗು ಸರಿಮಾಡಿಕೊಂಡಳು.

ಹೆಂಡತಿ ಮಾತ್ರ ಅವನ ಮುಖವನ್ನೇ ನೋಡುತ್ತಿದ್ದಳು. ಅಷ್ಟು ಆಸೆಯ ಕಣ್ಣನ್ನು ಅವನು ಅವಳಲ್ಲಿ ಎಂದೂ ಕಂಡಿರಲಿಲ್ಲ. ಇದು ಯಾರದ್ದೆಂದು ನಿಮಗೆ ಯಾವಾಗ ತಿಳಿಯಿತು ಎಂದು ಕೇಳಿದಳು. ಸುಳ್ಳು ಹೇಳಲಾರದೆ, ಬಣ್ಣಕ್ಕೆ ಮುಂಚೆಯೇ ಅಂದ. ಅವಳು ಕಣ್ಣು ತಗ್ಗಿಸಿ ತಾಯಿಯ ತೋಳು ಹಿಡಿದು ಹೊರಟುಹೋದಳು. ಸಂಜೆ ಟ್ರೇಲರಿಗೆ ಮೊದಲ ಬಹುಮಾನ ಬಂತು.

ಡಾಕ್ಟರ್ ಗುಜರಿಯವನ ಹತ್ತಿರ ಓಡಿದ. ಆ ಮಾಲೆಲ್ಲ ಎಂದೋ ಕುಲುಮೆಗೆ ಹೋಗಿ ಕರಗಿಯಾಗಿತ್ತು. ಮನೆಯಲ್ಲಿ ಹೆಂಡತಿ ಊಟ ಬಡಿಸುತ್ತಿದ್ದಳು, ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದಳು, ಕೊಂಡಿಯ ಮಾತೆತ್ತಿದರೆ ಮಾತ್ರ ಎದ್ದು ಹೋಗುತ್ತಿದ್ದಳು. ಕಂಡದ್ದು ಸತ್ಯವೇ ಆದ ಮೇಲೆ ಅದಕ್ಕೊಂದು ರೂಪ ಕೊಟ್ಟರೆ ತಪ್ಪೇನು ಅಂದುಕೊಂಡ ಅವನು. ಹಳೆಯ ಕಬ್ಬಿಣದ ತುಂಡು ತಂದು, ನೆನಪಿನಲ್ಲಿದ್ದ ಹಾಗೇ ಬಾಗಿಸಿ, ಹಲ್ಲು ಕೊರೆಯುವ ಯಂತ್ರದಿಂದ ಬಿರುಕು ಕೊರೆದು ಮುರಿದು, ಕಪ್ಪೇರಲೆಂದು ಆಸಿಡ್ ತುಂಬಿದ ಗಾಜಿನ ಲೋಟದಲ್ಲಿ ಮುಳುಗಿಸಿಟ್ಟ. ಕ್ಲಿನಿಕ್ಕಿನ ಒಳಕೋಣೆಯ ಕಪಾಟಿನಲ್ಲಿ.

ಬೆಳಿಗ್ಗೆ ಅವನು ಬರುವ ಹೊತ್ತಿಗೆ ಉಪಕರಣಗಳು ಕುದಿಯುತ್ತಿದ್ದವು. ಹೆಂಡತಿ ಇಕ್ಕಳದಲ್ಲಿ ಕೊಂಡಿಯ ತುಂಡು ಹಿಡಿದು ಕಿಟಕಿಯ ಬೆಳಕಿಗೆ ತಿರುಗಿಸಿ ನೋಡುತ್ತಿದ್ದಳು.

"ಅಮ್ಮನಿಗೆ ತೋರಿಸೋಕಾ?"

ಅವನು ಹೌದೆಂದ. ಅಸಲಿಯೂ ಹೀಗೇ ಇತ್ತು, ಆಣೆ ಮಾಡಿ ಹೇಳುತ್ತೇನೆ ಅಂದ. ಅದು ಸಿಗಲಿಲ್ಲ, ಅದಕ್ಕೇ ಇದು ಅಂದ. ಅವಳು ತುಂಡನ್ನು ತೊಳೆದು, ಬಟ್ಟೆಯಲ್ಲಿ ಒರೆಸಿ, ಅವನ ಅಂಗೈಯಲ್ಲಿಟ್ಟಳು.

"ನೀವು ಆವತ್ತು ಹೇಳಿದ್ದು ನಿಜ ಇರಬಹುದು ಅಂತ ದಿನಾ ಅಂದ್ಕೋತಾ ಇದ್ದೆ" ಅಂದಳು. ಹೊರಗೆ ಮೊದಲ ರೋಗಿ ಬಂದಿದ್ದ. ಹೋಗಿ ಅವನನ್ನು ಒಳಗೆ ಕರೆತಂದು ಕೂರಿಸಿದಳು.

ಟ್ರೇಲರ್ ತನ್ನ ಗಂಡನದ್ದು, ತನಗೇ ಬೇಕೆಂದು ಅತ್ತೆ ಹೇಳಿ ಕಳಿಸಿದಳು. ಡಾಕ್ಟರ್ ಮರುಮಾತಿಲ್ಲದೆ ಕಳಿಸಿದ. ಈಗ ಅದು ಅವಳ ಮನೆಯ ಮುಂದೆ ನಿಂತಿದೆ. ವಾರಕ್ಕೊಮ್ಮೆ ಮಗಳು ಹೋಗಿ ಧೂಳು ಒರೆಸಿ, ಬಾಗಿಲಿಗೆ ಎಣ್ಣೆ ಹಾಕಿ ಬರುತ್ತಾಳೆ. ತಾಯಿ ಜಗಲಿಯ ಮೇಲೆ ಕೂತು ಇಲ್ಲಿ, ಅಲ್ಲಿ ಎಂದು ತೋರಿಸುತ್ತಾಳೆ. ಅಳಿಯ ಜೊತೆಗೆ ಹೋದರೆ ಕುರ್ಚಿ ಹಾಕಿಸಿ ಬಹಳ ಆದರದಿಂದ ಮಾತಾಡಿಸುತ್ತಾಳೆ. ದಾರಿಯಲ್ಲಿ ಹೋಗುವವರು ನಿಂತು ನೋಡಿದರೆ, ಎಲ್ಲ ನಮ್ಮ ಅಳಿಯಂದಿರ ಕೈಕೆಲಸ, ಒಂದು ಕುಂದು ಹುಡುಕಿ ನೋಡೋಣ ಅನ್ನುತ್ತಾಳೆ.